ಹುಟ್ಟಿಗೆ ಕೀಲು ಜೋಡಿಸಿದ ಕಥೆ

ಹುಟ್ಟು ಹಾಕುವವನು ಹೋಗಬೇಕಾದ ಕಡೆಗೆ ಬೆನ್ನು ಮಾಡಿ ಕೂತಿರುತ್ತಾನೆ. ಮುಂದೆ ಬಂಡೆ ಇದೆಯೋ, ಇನ್ನೊಂದು ದೋಣಿ ಬರುತ್ತಿದೆಯೋ ನೋಡಬೇಕಾದರೆ ಕತ್ತು ಹೊರಳಿಸಬೇಕು. ಬೇರೆ ಯಾವ ವಾಹನವನ್ನು ಹೀಗೆ ಓಡಿಸಿದರೂ ಜನ ಬಾಯಿಗೆ ಬಂದಂತೆ ಬೈಯುತ್ತಿದ್ದರು. ದೋಣಿಯಲ್ಲಿ ಮಾತ್ರ ಇದು ಸಾವಿರಾರು ವರ್ಷಗಳಿಂದ ನಡೆದುಕೊಂಡು ಬಂದಿದೆ.

ಯಾಕೆ ಹೀಗೆ? ಉದ್ದನೆಯ ಹುಟ್ಟು ಒಂದು ಸನ್ನೆಗೋಲು. ದೋಣಿಯ ಅಂಚಿನಲ್ಲಿರುವ ಗೂಟ ಅದಕ್ಕೆ ಆಧಾರ. ಹಿಡಿ ಒಂದು ಕಡೆ ಹೋದರೆ ನೀರಿನೊಳಗಿನ ಅಲಗು ಅದರ ವಿರುದ್ಧ ಕಡೆ ಹೋಗುತ್ತದೆ. ದೋಣಿ ಮುಂದೆ ಸಾಗಬೇಕಾದರೆ ಅಲಗು ಹಿಂದಕ್ಕೆ ಹೋಗಬೇಕು, ಅಂದರೆ ಹಿಡಿ ಮುಂದಕ್ಕೆ ಬರಬೇಕು. ಹಿಡಿಯನ್ನು ತಳ್ಳುವುದಕ್ಕಿಂತ ಎಳೆಯುವುದು ಮೇಲು. ಎಳೆಯುವಾಗ ಕಾಲನ್ನು ಹಲಗೆಗೆ ಒತ್ತಿ, ಬೆನ್ನು ಸೇರಿಸಿ, ಮೈಭಾರವನ್ನೆಲ್ಲ ಹಾಕಬಹುದು. ಹಾಗೆ ಎಳೆಯಬೇಕಾದರೆ ಹಿಂದಕ್ಕೆ ಮುಖ ಮಾಡಿಯೇ ಕೂರಬೇಕು.

ಇದಕ್ಕೊಂದು ಮದ್ದು ಇದೆ. ಹುಟ್ಟನ್ನು ನಡುವೆ ಎರಡು ತುಂಡು ಮಾಡಿ. ತುಂಡಾದ ತುದಿಗಳಿಗೆ ಒಂದೊಂದು ಹಲ್ಲುಚಕ್ರ ಕೂರಿಸಿ, ಎರಡನ್ನೂ ಒಂದಕ್ಕೊಂದು ಕಚ್ಚಿಸಿ. ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ ತಿರುಗುತ್ತದೆ, ಅಲ್ವಾ? ಈಗ ಹಿಡಿ ಹಿಂದಕ್ಕೆ ಬಂದರೆ ಅಲಗೂ ಹಿಂದಕ್ಕೇ ಹೋಗುತ್ತದೆ. ಮುಂದಕ್ಕೆ ನೋಡುತ್ತಾ ಎಳೆಯಬಹುದು. 19ನೇ ಶತಮಾನದಲ್ಲೇ ಅಮೆರಿಕದಲ್ಲಿ ಇಂಥ ಹುಟ್ಟುಗಳಿಗೆ ಪೇಟೆಂಟ್ ಸಿಕ್ಕಿತ್ತು. ಇವತ್ತಿಗೂ ಸಿಗುತ್ತವೆ. ಆದರೂ ಹೆಚ್ಚಿನ ದೋಣಿಗಳಲ್ಲಿ ಒಂದೇ ಕಂಬದ ಹಳೇ ಹುಟ್ಟೇ ಇದೆ. ಯಂತ್ರ ಅಷ್ಟು ಸುಲಭವಾಗಿ ಗೆಲ್ಲಲಿಲ್ಲ.

ಯಾಕೆ ಗೆಲ್ಲಲಿಲ್ಲ ಅನ್ನುವುದಕ್ಕೆ ನೀರಿನ ಸ್ವಭಾವ ಸ್ವಲ್ಪ ಗೊತ್ತಿರಬೇಕು. ಒಂದು ದೊಡ್ಡ ಬಕೆಟ್‌ನಲ್ಲಿ ನೀರು ತುಂಬಿ ಕೈ ಅದ್ದಿ. ಬೆರಳು ಜೋಡಿಸಿ, ಅಂಗೈ ಅಡ್ಡ ಹಿಡಿದು ನಿಧಾನಕ್ಕೆ ತಳ್ಳಿ. ನೀರು ಸುಮ್ನೆ ದಾರಿ ಬಿಡುತ್ತದೆ. ಈಗ ಅದರ ಎರಡರಷ್ಟು ವೇಗದಲ್ಲಿ ತಳ್ಳಿ. ತಡೆ ಎರಡಲ್ಲ, ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಕೈಯ ಹಿಂದೆ ಎರಡೂ ಅಂಚಿನಲ್ಲಿ ಪುಟ್ಟ ಸುಳಿಗಳು ಏಳುವುದು ಕಾಣಿಸುತ್ತದೆ. ಅಂಗೈಯನ್ನು ತಿರುಗಿಸಿ, ಚಾಕುವಿನ ಹಾಗೆ ಅಂಚು ಮುಂದೆ ಮಾಡಿ ಎಳೆಯಿರಿ. ಏನೂ ಇಲ್ಲದಂತೆ ಜಾರಿ ಬರುತ್ತದೆ.

ಆ ಸುಳಿಗಳ ಮೇಲೆ ಸ್ವಲ್ಪ ಗಮನವಿರಲಿ. ಅವು ತಿರುಗುವುದಕ್ಕೆ ಬೇಕಾದ ಶಕ್ತಿ ನಿಮ್ಮ ತೋಳಿನಿಂದಲೇ ಹೋಗಿದೆ. ದೋಣಿಗೆ ಅದರಿಂದ ಲಾಭವಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಲೆಕ್ಕ ಹಾಕಿ ನೋಡೋಣ. ದೋಣಿಗೆ ಸಿಗುವ ತಳ್ಳು ಅಂದರೆ ಸೆಕೆಂಡಿಗೆ ಎಷ್ಟು ನೀರನ್ನು ಎಷ್ಟು ವೇಗದಲ್ಲಿ ಹಿಂದಕ್ಕೆ ಸರಿಸಿದಿರಿ ಅನ್ನುವುದರ ಗುಣಾಕಾರ. ನೀರಿಗೆ ಸೋರಿಹೋಗುವ ಶಕ್ತಿಯಾದರೋ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಸೆಕೆಂಡಿಗೆ 20 ಕೆಜಿ ನೀರನ್ನು 1 ಮೀಟರ್ ವೇಗದಲ್ಲಿ ಹಿಂದಕ್ಕೆ ಸರಿಸಿದರೆ ಸೋರಿಕೆ 10 ವಾಟ್. ಅಲಗು ಚಿಕ್ಕದಾಗಿದ್ದು 10 ಕೆಜಿ ನೀರು ಮಾತ್ರ ಸಿಕ್ಕಿತು ಅಂದುಕೊಳ್ಳಿ. ಅಷ್ಟೇ ತಳ್ಳು ಬೇಕಾದರೆ ಆ ನೀರನ್ನು 2 ಮೀಟರ್ ವೇಗದಲ್ಲಿ ಎಸೆಯಬೇಕು. ಸೋರಿಕೆ 20 ವಾಟ್ ಆಯಿತು. ತಳ್ಳು ಅಷ್ಟೇ, ಖರ್ಚು ಎರಡರಷ್ಟು. ಹಾಗಾಗಿ ಜಾಸ್ತಿ ನೀರನ್ನು ನಿಧಾನವಾಗಿ ತಳ್ಳುವವನೇ ಜಾಣ. ಜೋರಾಗಿ ನೀರು ಎರಚುವ ದೋಣಿ ನೋಡುವುದಕ್ಕೆ ಚೆಂದ, ಅಷ್ಟೇ.

ನೀರು ಕೇಳುವುದು ಅಗಲವಾದ, ನಿಧಾನವಾದ, ಬಿಡುವಿಲ್ಲದ ತಳ್ಳು. ಕೈಗೆ ಹಿತವಾಗುವುದು ಹಿಂದೆ ಮುಂದೆ ಆಡುವ ಚಲನೆ, ನಡುವೆ ಒಂದಿಷ್ಟು ಬಿಡುವು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಪರಿಸ್ಥಿತಿ. ಇವೆರಡರ ನಡುವೆ ರಾಜಿ ಮಾಡಿಸುವುದೇ ಕೈಯಂತ್ರದ ಕೆಲಸ. ಹೊಸ ಶಕ್ತಿಯನ್ನು ಅದು ಎಲ್ಲಿಂದಲೂ ತರುವುದಿಲ್ಲ. ಪ್ರತಿ ಕೀಲು, ಪ್ರತಿ ಹಲ್ಲುಚಕ್ರ ತನ್ನ ಪಾಲಿನದನ್ನು ಉಜ್ಜಿ ತಿನ್ನುತ್ತದೆ ಬೇರೆ.

ರಾಜಿಗೆ ಮೊದಲ ದಾರಿ ತೋರಿಸಿದ್ದು ಬಾತುಕೋಳಿ. ಅದು ಕಾಲನ್ನು ಹಿಂದಕ್ಕೆ ಒದೆಯುವಾಗ ಬೆರಳುಗಳು ಹರಡಿಕೊಂಡು ನಡುವಿನ ಚರ್ಮ ಬಿಚ್ಚಿಕೊಳ್ಳುತ್ತದೆ. ಕಾಲನ್ನು ಮುಂದಕ್ಕೆ ತರುವಾಗ ಬೆರಳು ಮುಚ್ಚಿ ಪಾದ ಕಡ್ಡಿಯ ಹಾಗಾಗುತ್ತದೆ. ನೀರಿನಿಂದ ಕಾಲು ಮೇಲೆತ್ತುವ ಗೊಡವೆಯೇ ಇಲ್ಲ. ಮನುಷ್ಯ ಇದನ್ನು ಬಾಗಿಲಿನ ಕೀಲು ಹಾಕಿ ನಕಲು ಮಾಡಿದ. ಒಂದು ಉದ್ದನೆಯ ಲಿವರ್, ಅದರ ಕೆಳತುದಿಯಲ್ಲಿ ಕೀಲಿನಿಂದ ತೂಗುವ ಹಲಗೆ. ಹಿಂದಕ್ಕೆ ತಳ್ಳಿದಾಗ ಹಲಗೆ ಒಂದು ತಡೆಗೆ ತಾಗಿ ನೇರ ನಿಲ್ಲುತ್ತದೆ. ಮುಂದಕ್ಕೆ ಎಳೆದಾಗ ನೀರೇ ಅದನ್ನು ಮಡಚುತ್ತದೆ. ಚಿಕ್ಕ ಮಕ್ಕಳೂ ಮಾಡಬಹುದಾದ ಯಂತ್ರ. ತೊಂದರೆಯೂ ಅಲ್ಲೇ ಇದೆ. ಪ್ರತಿ ಸಲ ದಿಕ್ಕು ಬದಲಾದಾಗ ಹಲಗೆ ಬಿಚ್ಚಿಕೊಳ್ಳುವುದಕ್ಕೆ ಒಂದಿಷ್ಟು ದೂರ ವ್ಯರ್ಥ. ‘ಠಪ್’ ಅಂತ ತಡೆಗೆ ಬಡಿಯುತ್ತದೆ. ಆ ಬಡಿತಕ್ಕೆ ಕೀಲು ದಿನೇ ದಿನೇ ಸಡಿಲವಾಗುತ್ತದೆ. ಮಡಚಿದ ಹಲಗೆಯೂ ಪೂರ್ತಿ ಚಾಕುವಾಗುವುದಿಲ್ಲ, ದೋಣಿಯನ್ನು ಸ್ವಲ್ಪ ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ.

ಯಂತ್ರಕ್ಕೆ ಹುಟ್ಟು ಹಿಡಿಸುವ ಆಸೆ ಎಷ್ಟಿತ್ತೆಂದರೆ, ಉಗಿ ಎಂಜಿನ್ ಬಂದಾಗಲೂ ಜನ ಅದಕ್ಕೆ ಹುಟ್ಟನ್ನೇ ಕೊಟ್ಟರು. ಅಮೆರಿಕದ ಜಾನ್ ಫಿಚ್ 1787ರ ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾದ ಬಳಿ ಡೆಲವೇರ್ ನದಿಯಲ್ಲಿ ಓಡಿಸಿ ತೋರಿಸಿದ ಉಗಿದೋಣಿಗೆ ಎರಡೂ ಪಕ್ಕದಲ್ಲಿ ಸಾಲುಸಾಲಾಗಿ ಹುಟ್ಟುಗಳಿದ್ದವು. ಕಾಣದ ಕೈಗಳು ಹಾಕಿದ ಹಾಗೆ ಅವು ನೀರಿಗಿಳಿದು ಏಳುತ್ತಿದ್ದವು. 1790ರ ಅವನ ದೋಣಿಯಲ್ಲಿ ಹುಟ್ಟುಗಳು ಹಿಂಬದಿಗೆ ಹೋದವು. ಬಾತುಕೋಳಿಯ ಕಾಲಿನಂತೆ ಒದೆಯುತ್ತಾ ಅದು ಒಂದು ಬೇಸಿಗೆಯಿಡೀ ಪ್ರಯಾಣಿಕರನ್ನು ಹೊತ್ತು ಓಡಾಡಿತು. ದುಡ್ಡು ಮಾತ್ರ ಹುಟ್ಟಲಿಲ್ಲ.

ಹಿಂದೆ ಮುಂದೆ ಆಡುವ ಗೋಜೇ ಬೇಡ, ಹುಟ್ಟುಗಳನ್ನು ಚಕ್ರದ ಸುತ್ತ ಜೋಡಿಸಿ ತಿರುಗಿಸಿದರಾಯಿತು ಅನ್ನುವುದು ಎರಡನೇ ದಾರಿ. ಇದು ಇನ್ನೂ ಹಳೆಯದು. ರೋಮನ್ ಕಾಲದ ಕೊನೆಯ ಘಟ್ಟದ ಒಂದು ಬರಹದಲ್ಲಿ ಎತ್ತುಗಳು ಸುತ್ತಿ ತಿರುಗಿಸುವ ಚಕ್ರದ ಹಡಗಿನ ವಿವರಣೆಯಿದೆ. ಚೀನಾದಲ್ಲಿ ಅದು ಕಾಗದದ ಮೇಲೆ ಉಳಿಯಲಿಲ್ಲ. ಟಾಂಗ್ ಮತ್ತು ಸಾಂಗ್ ಅರಸರ ಕಾಲದಲ್ಲಿ ಆಳುಗಳು ತುಳಿದು ಓಡಿಸುವ ಚಕ್ರದ ಹಡಗುಗಳು ಯುದ್ಧಕ್ಕೇ ಇಳಿದವು. 1135ರಲ್ಲಿ ಡಾಂಗ್ಟಿಂಗ್ ಸರೋವರದಲ್ಲಿ ಯಾಂಗ್ ಯಾವ್ ಎಂಬ ಬಂಡಾಯಗಾರನ ಹತ್ತಿರ ಇಂಥ ಹಡಗುಗಳಿದ್ದವು. ಗಾಳಿ ಇರಲಿ ಬಿಡಲಿ, ಹಿಂದೆ ಮುಂದೆ ಬೇಕಾದ ಹಾಗೆ ಓಡುತ್ತಿದ್ದ ಅವುಗಳನ್ನು ಹಿಡಿಯುವುದು ಕಷ್ಟವಾಗಿತ್ತು. ಸಾಂಗ್ ಸೇನಾಪತಿ ಯೂ ಫೆಯ್ ಮಾಡಿದ ಉಪಾಯ ಅಗ್ಗದ್ದು. ಕೊಳೆತ ಮರದ ತುಂಡು, ಹುಲ್ಲು, ಕಸ ಎಲ್ಲವನ್ನೂ ನೀರಿಗೆ ತೇಲಿಬಿಡಿಸಿದ. ಚಕ್ರಗಳಿಗೆ ಅವು ಸುತ್ತಿಕೊಂಡು ಹಡಗುಗಳು ನಿಂತಲ್ಲೇ ನಿಂತವು.

ಕಸ ಇಲ್ಲದಿದ್ದರೂ ಕೈಯಿಂದ ತಿರುಗಿಸುವ ಚಿಕ್ಕ ಚಕ್ರಕ್ಕೆ ಇನ್ನೊಂದು ಕಾಯಿಲೆ ಇದೆ. 60 ಸೆಂಟಿಮೀಟರ್ ಅಡ್ಡಳತೆಯ ಚಕ್ರ, ಹಲಗೆ ನೀರಿನಲ್ಲಿ 15 ಸೆಂಟಿಮೀಟರ್ ಮುಳುಗುತ್ತದೆ ಅಂದುಕೊಳ್ಳಿ. ನೀರನ್ನು ಮುಟ್ಟುವ ಕ್ಷಣದಲ್ಲಿ ಹಲಗೆ ನೇರವಾಗಿ ನಿಂತಿರುವುದಿಲ್ಲ. ನೇರ ನಿಲುವಿನಿಂದ 60 ಡಿಗ್ರಿ ವಾಲಿರುತ್ತದೆ. ಅಂದರೆ ಹೆಚ್ಚುಕಡಿಮೆ ಮಲಗಿಕೊಂಡೇ ನೀರಿಗೆ ಏಟು ಹಾಕುತ್ತದೆ. ಆ ಏಟು ದೋಣಿಯನ್ನು ಮೇಲಕ್ಕೆತ್ತಲು ನೋಡುತ್ತದೆ. ಆಚೆ ಬದಿಯಲ್ಲಿ ಹೊರಬರುವಾಗ ಮೊರದಲ್ಲಿ ಎತ್ತಿದ ಹಾಗೆ ನೀರನ್ನು ಎತ್ತಿ ಚೆಲ್ಲುತ್ತದೆ. ನಡುವಿನ ಸ್ವಲ್ಪ ಹೊತ್ತು ಮಾತ್ರ ನಿಜವಾದ ತಳ್ಳು. ಚಕ್ರವನ್ನು 2 ಮೀಟರ್‌ಗೆ ಹಿಗ್ಗಿಸಿದರೆ ವಾಲುವುದು ಸುಮಾರು 32 ಡಿಗ್ರಿಗೆ ಇಳಿಯುತ್ತದೆ. ಆದರೆ ಅಷ್ಟು ದೊಡ್ಡ ಚಕ್ರವನ್ನು ಪುಟ್ಟ ದೋಣಿಯಲ್ಲಿ ಎಲ್ಲಿ ಇಡುತ್ತೀರಿ? 1829ರಲ್ಲಿ ಇಂಗ್ಲೆಂಡಿನ ಎಲೈಜಾ ಗ್ಯಾಲೋವೇ ಇದಕ್ಕೊಂದು ಪೇಟೆಂಟ್ ಪಡೆದ. ಪ್ರತಿ ಹಲಗೆಗೂ ಕೀಲು, ಪ್ರತಿ ಕೀಲಿಗೂ ಸರಳು, ಸರಳುಗಳೆಲ್ಲ ಚಕ್ರದ ನಡುವಿನಿಂದ ಸ್ವಲ್ಪ ಸರಿದ ಇನ್ನೊಂದು ಬಿಂದುವಿಗೆ. ಚಕ್ರ ತಿರುಗಿದಂತೆ ಸರಳುಗಳು ಹಲಗೆಯನ್ನು ಹೊರಳಿಸಿ, ನೀರಿನಲ್ಲಿರುವಷ್ಟು ಹೊತ್ತು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸುತ್ತವೆ. ಉಗಿಹಡಗುಗಳಿಗೆ ಇದು ಒಗ್ಗಿತು. ಒಬ್ಬನೇ ಕೈಯಿಂದ ತಿರುಗಿಸುವ ಚಕ್ರಕ್ಕೆ ಇಷ್ಟೆಲ್ಲ ಕೀಲು ಹಾಕುವುದು, ನನ್ನನ್ನು ಕೇಳಿದರೆ, ಸೊಳ್ಳೆಗೆ ಕೊಡಲಿ ಎತ್ತಿದ ಹಾಗೆ.

ಅಷ್ಟಕ್ಕೂ ತೋಳಿನಲ್ಲಿ ಇರುವುದೆಷ್ಟು? ಸಾಮಾನ್ಯ ಆರೋಗ್ಯದ ಮನುಷ್ಯ ಕಾಲಿನಿಂದ ಪೆಡಲ್ ತುಳಿದರೆ ಒಂದು ಗಂಟೆ ಹೊತ್ತು ಸುಮಾರು 100 ವಾಟ್ ಕೊಡಬಲ್ಲ. ತೋಳು ಮಾತ್ರ ಆದರೆ ಅದರ ಮೂರರಲ್ಲಿ ಎರಡು ಪಾಲು ಅಂದುಕೊಳ್ಳಿ. ಹಳೇ ಕಾಲದ 60 ವಾಟಿನ ಬಲ್ಬ್ ಒಂದನ್ನು ಉರಿಸುವಷ್ಟು. ಮಾಮೂಲಿ ಹುಟ್ಟು ಹಾಕುವವನು ಬೆನ್ನು, ಸೊಂಟ, ಕಾಲು ಎಲ್ಲವನ್ನೂ ಸೇರಿಸುತ್ತಾನೆ. ಕ್ರ್ಯಾಂಕ್, ಅಂದರೆ ಸುತ್ತುವ ಹಿಡಿ, ತಿರುಗಿಸುವವನಿಗೆ ಆ ಸೌಲಭ್ಯ ಕಡಿಮೆ. ಹಳೇ ಹುಟ್ಟು ಸೋಲದೇ ಇರುವುದಕ್ಕೆ ಇದೇ ದೊಡ್ಡ ಕಾರಣ.

ವೇಗದ ಆಸೆಯನ್ನಂತೂ ಬಿಡಬೇಕು. ನೀರಿನಲ್ಲಿ ವೇಗ ಎರಡು ಪಟ್ಟು ಬೇಕಾದರೆ ಶಕ್ತಿ ಸುಮಾರು ಎಂಟು ಪಟ್ಟು ಬೇಕು. ಸಾಲದ್ದಕ್ಕೆ ದೋಣಿ ತಾನೇ ಎಬ್ಬಿಸಿದ ಅಲೆಯ ಗುಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. 4 ಮೀಟರ್ ಉದ್ದದ ಸಾಮಾನ್ಯ ದೋಣಿಗೆ ಗಂಟೆಗೆ 9 ಕಿಲೋಮೀಟರ್ ಆಸುಪಾಸಿನಲ್ಲಿ ಈ ಗೋಡೆ ಎದುರಾಗುತ್ತದೆ. ಅದರ ಅರ್ಧ ವೇಗದಲ್ಲಿ, ಅಂದರೆ ನಡಿಗೆಯ ವೇಗದಲ್ಲಿ, ಅದೇ ದೋಣಿ ಹಗುರವಾಗಿ ಸಾಗುತ್ತದೆ. ಕೈಯಂತ್ರದ ಲೋಕ ಅದೇ.

ಮೂರನೇ ದಾರಿ ಪ್ರೊಪೆಲ್ಲರ್. ಪೂರ್ತಿ ನೀರೊಳಗೇ ಇರುತ್ತದೆ, ಏಳುವುದಿಲ್ಲ, ಬಡಿಯುವುದಿಲ್ಲ. ಚೆನ್ನಾಗಿ ಮಾಡಿದ್ದಾದರೆ ಕೊಟ್ಟ ಶಕ್ತಿಯಲ್ಲಿ ಶೇ 80ಕ್ಕಿಂತ ಹೆಚ್ಚನ್ನು ತಳ್ಳಾಗಿ ಬದಲಿಸುತ್ತದೆ. ಆದರೆ ಅದಕ್ಕೆ ಕೈಗಿಂತ ಹಲವು ಪಟ್ಟು ಬೇಗ ತಿರುಗಬೇಕು, ಹಾಗಾಗಿ ನಡುವೆ ಗೇರ್ ಬೇಕು. ಅಮೆರಿಕದ ಡೇವಿಡ್ ಬುಶ್ನೆಲ್‌ನ ‘ಟರ್ಟಲ್’ ಅನ್ನುವ ಮರದ ಜಲಾಂತರ್ಗಾಮಿಯಲ್ಲಿ ಒಬ್ಬನೇ ಮನುಷ್ಯ ಪ್ರೊಪೆಲ್ಲರನ್ನೂ ತಿರುಗಿಸಬೇಕು, ಚುಕ್ಕಾಣಿಯನ್ನೂ ಹಿಡಿಯಬೇಕು. 1776ರ ಸೆಪ್ಟೆಂಬರ್‌ನಲ್ಲಿ ಎಜ್ರಾ ಲೀ ಎಂಬ ಸೈನಿಕ ಅದರಲ್ಲಿ ಕೂತು ನ್ಯೂಯಾರ್ಕ್ ಬಂದರಿನಲ್ಲಿ ಬ್ರಿಟಿಷ್ ಹಡಗಿನ ಅಡಿಗೆ ಸಿಡಿಮದ್ದು ಅಂಟಿಸಲು ಹೋಗಿ ಬರಿಗೈಯಲ್ಲಿ ಮರಳಿದ. 1864ರಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ‘ಹನ್ಲಿ’ ಎಂಬ ಕಬ್ಬಿಣದ ಜಲಾಂತರ್ಗಾಮಿಯ ಕತ್ತಲೆಯಲ್ಲಿ ಏಳು ಜನ ಸಾಲಾಗಿ ಕೂತು ಒಂದೇ ಉದ್ದನೆಯ ಕ್ರ್ಯಾಂಕ್ ತಿರುಗಿಸಿದರು, ಎಂಟನೆಯವನು ದಾರಿ ನೋಡಿದ. ಅವರು ಚಾರ್ಲ್ಸ್‌ಟನ್ ಬಳಿ ಶತ್ರು ಹಡಗನ್ನು ಮುಳುಗಿಸಿದರು. ಎಂಟು ಜನರಲ್ಲಿ ಒಬ್ಬರೂ ವಾಪಸ್ ಬರಲಿಲ್ಲ.

ಕೈಯಂತ್ರ ತನ್ನ ಸರಿಯಾದ ಜಾಗ ಕಂಡುಕೊಂಡದ್ದು ಯುದ್ಧದಲ್ಲಲ್ಲ, ಹಡಗುಗಳ ಜೀವರಕ್ಷಕ ದೋಣಿಗಳಲ್ಲಿ. ಹಡಗು ಮುಳುಗುತ್ತಿದೆ. ದೋಣಿಯಲ್ಲಿ 70–80 ಜನ ತುಂಬಿದ್ದಾರೆ. ಅವರಲ್ಲಿ ಹುಟ್ಟು ಹಿಡಿದು ಗೊತ್ತಿರುವವರು ನಾಲ್ಕೈದು ಜನ. ಉಳಿದವರ ಕೈಗೆ ಹುಟ್ಟು ಕೊಟ್ಟರೆ ಒಬ್ಬರದು ಇನ್ನೊಬ್ಬರ ತಲೆಗೆ ಬಡಿಯುತ್ತದೆ. ಹುಟ್ಟಿನ ಅಲಗು ನೀರಿನಲ್ಲಿ ತಪ್ಪಾಗಿ ಸಿಕ್ಕಿಕೊಂಡರೆ ಹಿಡಿ ತಿರುಗಿ ಬಂದು ಎದೆಗೆ ಗುದ್ದುತ್ತದೆ. ಅದಕ್ಕೇ ಫ್ಲೆಮಿಂಗ್ ಗೇರ್ ಎಂಬ ಏರ್ಪಾಟು ಬಂತು. ಬೆಂಚುಗಳ ಮುಂದೆ ನೆಟ್ಟಗೆ ನಿಂತ ಲಿವರ್‌ಗಳು. ಕೂತವರು ಅವನ್ನು ಹಿಂದೆ ಮುಂದೆ ಆಡಿಸಬೇಕು, ಅಷ್ಟೇ. ಸರಳುಗಳು ಆ ಆಟವನ್ನು ಗೇರ್ ಪೆಟ್ಟಿಗೆಗೆ ಒಯ್ಯುತ್ತವೆ, ಅಲ್ಲಿ ಅದು ಸುತ್ತಾಗಿ ಬದಲಾಗಿ ಹಿಂದಿನ ಪ್ರೊಪೆಲ್ಲರ್ ತಿರುಗುತ್ತದೆ. ನೀರಿಗೆ ಬೇಕಾದ್ದು ನೀರಿಗೆ, ಕೈಗೆ ಬೇಕಾದ್ದು ಕೈಗೆ. ಹುಟ್ಟನ್ನು ಏಳಿಸುವುದು, ಓರೆ ಮಾಡುವುದು, ತಾಳ ಹಿಡಿಯುವುದು ಏನೂ ಬೇಡ. ಅಳುತ್ತಾ ಕೂತವರೂ ಲಿವರ್ ಆಡಿಸಬಹುದು. ಚಳಿಗೆ ಮೈಯೂ ಬೆಚ್ಚಗಾಗುತ್ತದೆ.

1960ರ ಅಂತಾರಾಷ್ಟ್ರೀಯ ಸಾಗರ ಸುರಕ್ಷತಾ ಒಪ್ಪಂದ ಇಂಥದ್ದನ್ನು ನಿಯಮದೊಳಗೇ ತಂದಿತು. 60ಕ್ಕಿಂತ ಜಾಸ್ತಿ, 100ರವರೆಗೆ ಜನ ಹಿಡಿಸುವ ಜೀವರಕ್ಷಕ ದೋಣಿಗೆ ಮೋಟಾರ್ ಇರಬೇಕಿತ್ತು, ಇಲ್ಲವೇ ಒಪ್ಪಿಗೆ ಪಡೆದ ಇಂಥ ಯಂತ್ರವಾದರೂ ಇರಬೇಕಿತ್ತು. ಕೈಯಿಂದ ನಡೆಯುವ ಯಂತ್ರವಾದರೆ ತರಬೇತಿ ಇಲ್ಲದವರೂ ಅದನ್ನು ನಡೆಸುವಂತಿರಬೇಕಿತ್ತು. ದೋಣಿಯೊಳಗೆ ನೀರು ತುಂಬಿದಾಗಲೂ ಅದು ಕೆಲಸ ಮಾಡಬೇಕಿತ್ತು.

ಕಾಲಿನ ಬಲ ಇಲ್ಲದವರಿಗೆ ಇವತ್ತು ಯಾರಾದರೂ ದೋಣಿ ಮಾಡುವುದಾದರೆ ಈ ಲಿವರ್‌ಗಳನ್ನೇ ಮೊದಲು ನೋಡಬೇಕು. ಪೆಡಲ್ ದೋಣಿ ಅವರಿಗೆ ಆಗದು. ಮಾಮೂಲಿ ಹುಟ್ಟು ಹಾಕುವುದಕ್ಕೆ ಕಾಲು ಒತ್ತಿ ಕೂರಬೇಕು. ಬೆನ್ನಿಗೆ ಗಟ್ಟಿ ಒರಗು, ಎದೆಯ ಮಟ್ಟದಲ್ಲಿ ಎರಡು ಲಿವರ್ ಇದ್ದರೆ ತಳ್ಳುವಾಗಲೂ ಎಳೆಯುವಾಗಲೂ ಕೆಲಸ ನಡೆಯುತ್ತದೆ. ಸೈಕಲ್ಲಿನ ಫ್ರೀವೀಲ್, ಅಂದರೆ ಒಂದೇ ದಿಕ್ಕಿಗೆ ಬಲ ದಾಟಿಸುವ ಹಲ್ಲುಚಕ್ರ, ಎರಡನ್ನು ವಿರುದ್ಧವಾಗಿ ಜೋಡಿಸಿದರೆ ಎರಡೂ ದಿಕ್ಕಿನ ಆಟ ಒಂದೇ ಸುತ್ತಾಗಿ ಸೇರುತ್ತದೆ. ಮುಖವೂ ಮುಂದಕ್ಕೇ ಇರುತ್ತದೆ.

ಆದರೆ ಯೂ ಫೆಯ್‌ನ ಹುಲ್ಲು ಇನ್ನೂ ನೀರಿನಲ್ಲಿ ತೇಲುತ್ತಲೇ ಇದೆ. ಜೊಂಡು, ಬಲೆಯ ಚೂರು, ಪ್ಲಾಸ್ಟಿಕ್ ಹಗ್ಗ, ಯಾವುದು ಸುತ್ತಿಕೊಂಡರೂ ಪ್ರೊಪೆಲ್ಲರ್ ನಿಲ್ಲುತ್ತದೆ. 1960ರ ಆ ಒಪ್ಪಂದ ಬರೆದವರಿಗೆ ಯಂತ್ರದ ಸ್ವಭಾವ ಗೊತ್ತಿತ್ತು ಅನಿಸುತ್ತದೆ. ಯಂತ್ರವಿರುವ ದೋಣಿಗೆ ಅವರು ಹಾಯಿಯಿಂದ ವಿನಾಯಿತಿ ಕೊಟ್ಟರು, ಪಟದ ಕಂಬದಿಂದಲೂ ಕೊಟ್ಟರು. ಹುಟ್ಟುಗಳ ವಿಷಯದಲ್ಲಿ ಮಾತ್ರ ಅರ್ಧಕ್ಕೇ ನಿಲ್ಲಿಸಿದರು. ಉಳಿದರ್ಧ ಹುಟ್ಟುಗಳು ದೋಣಿಯಲ್ಲಿ ಇರಲೇಬೇಕಿತ್ತು.