ನಲವತ್ತು ದೂರು, ಒಂದೇ ಉತ್ತರ

2025ರ ಏಪ್ರಿಲ್ ಕೊನೆಯ ವಾರ ನನ್ನ ಫೋನಿಗೆ ಬಿಡುವೇ ಇರಲಿಲ್ಲ. ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದಿದ್ದರು. ಸತ್ತವರಲ್ಲಿ ಶಿವಮೊಗ್ಗದವರು, ಬೆಂಗಳೂರಿನವರು ಇದ್ದರು. ಇಂಥ ಹೊತ್ತಲ್ಲಿ ಬ್ರಿಟನ್ನಿನ ಬಿಬಿಸಿ ಕೊಂದವರನ್ನು ‘ಮಿಲಿಟಂಟ್ಸ್’ ಅಂದಿತು, ‘ಟೆರರಿಸ್ಟ್ಸ್’ ಅನ್ನಲಿಲ್ಲ. ಸಿಟ್ಟು ಬರುವುದು ಸಹಜ. ನನಗೂ ಬಂದಿತ್ತು.

ನಾನು ಬಹಳ ವರ್ಷ ಒಂದು ಪ್ರಸಾರ ಸಂಸ್ಥೆಯಲ್ಲಿ ಕೇಳುಗರ ದೂರುಗಳಿಗೆ ಉತ್ತರ ಬರೆದವಳು. ಈಗ ಮೇಜಿನ ಈಚೆ ಕೂತು ದೂರು ಬರೆಯುವವರಿಗೆ ಸಲಹೆ ಕೊಡುತ್ತೇನೆ. ಹಾಗಾಗಿ ಹೇಳುತ್ತಿದ್ದೇನೆ: ಈ ಸಿಟ್ಟನ್ನು ಕಾಗದಕ್ಕೆ ಇಳಿಸುವಾಗ ನಮ್ಮವರು ಪ್ರತಿ ಸಲ ಅದೇ ತಪ್ಪು ಮಾಡುತ್ತಾರೆ.

ತಿಪಟೂರಿನ ಒಬ್ಬ ಮೇಷ್ಟ್ರು ಈಗ ಲಂಡನ್ನಿನ ಹ್ಯಾರೋದಲ್ಲಿ ಮಗನ ಮನೆಯಲ್ಲಿದ್ದಾರೆ. ವಾಟ್ಸಾಪ್‌ನಲ್ಲಿ ಬಂದ ಒಂದು ದೂರಿನ ಮಾದರಿಗೆ ಅವರೂ, ಅವರ ಗುಂಪಿನ ನಲವತ್ತು ಜನರೂ ಹೆಸರು ಹಾಕಿ ಬಿಬಿಸಿಗೆ ಕಳಿಸಿದರು. ಎಲ್ಲರಿಗೂ ಅಕ್ಷರ ಬಿಡದೆ ಒಂದೇ ಉತ್ತರ ಬಂತು. ಮೇಷ್ಟ್ರು ಫೋನ್ ಮಾಡಿ, “ಕಾಪಿ ಹೊಡೆದಿದ್ದಾರೆ ಕಣಮ್ಮ!” ಅಂದರು. “ಮೇಷ್ಟ್ರೇ, ನೀವು ಕಳಿಸಿದ್ದೂ ಕಾಪಿನೇ ಅಲ್ವಾ?” ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ.

ಒಂದೇ ವಿಷಯಕ್ಕೆ ರಾಶಿ ದೂರು ಬಂದರೆ ಒಂದೇ ಉತ್ತರ ಕೊಡುವುದು ಎಲ್ಲ ಕಡೆ ಇರುವ ಪದ್ಧತಿ. ಬಿಬಿಸಿ ಅಂಥ ಉತ್ತರವನ್ನು ತನ್ನ ವೆಬ್‌ಸೈಟಿನಲ್ಲೇ ಹಾಕಿಬಿಡುತ್ತದೆ. ಸಾವಿರ ಜನ ಬರೆದರೆ ಸಾವಿರ ಪಟ್ಟು ತೂಕ ಬರುತ್ತದೆ ಅಂದುಕೊಳ್ಳಬೇಡಿ. ಇದು ಮತದಾನ ಅಲ್ಲ.

ಈಗ ಮುಖ್ಯ ಮಾತು. ಇದನ್ನು ನಾನು ನೂರು ಸಲ ಹೇಳಿದ್ದೇನೆ, ಇನ್ನೊಮ್ಮೆ ಹೇಳುತ್ತೇನೆ. ‘ಟೆರರಿಸ್ಟ್’ ಅನ್ನುವ ಪದ ಬಿಟ್ಟಿದ್ದು ಮರೆತು ಅಲ್ಲ. ಅದು ಅವರ ಬರೆದಿಟ್ಟ ನಿಯಮ. ‘ನಮ್ಮ ದನಿಯಲ್ಲಿ ಯಾರನ್ನೂ ಟೆರರಿಸ್ಟ್ ಅನ್ನುವುದಿಲ್ಲ. ಬೇರೆಯವರು ಅಂದರೆ, ಯಾರು ಅಂದರು ಅಂತ ಹೇಳಿ ಪ್ರಸಾರ ಮಾಡುತ್ತೇವೆ. ನಮ್ಮ ಮಾತಲ್ಲಿ ಬಾಂಬ್ ಇಟ್ಟವನು, ಬಂದೂಕುಧಾರಿ, ಅಪಹರಣಕಾರ ಅಂತ ಆದದ್ದನ್ನು ಹೇಳುತ್ತೇವೆ.’ ಬಿಬಿಸಿ ನಿಯಮದ ಸಾರ ಇಷ್ಟೇ. ಕೆನಡಾದ ಸಿಬಿಸಿ ಕೂಡ ಹೆಚ್ಚು ಕಡಿಮೆ ಇದೇ ದಾರಿಯಲ್ಲಿದೆ.

ಅಂದರೆ ಪದಕ್ಕೆ ನಿಷೇಧ ಇಲ್ಲ. ‘ಇದು ಭಯೋತ್ಪಾದಕರ ಕೃತ್ಯ ಎಂದು ಪ್ರಧಾನಿ ಹೇಳಿದರು’ ಅಂತ ಧಾರಾಳವಾಗಿ ಓದುತ್ತಾರೆ. ‘ಭಯೋತ್ಪಾದಕರು 26 ಜನರನ್ನು ಕೊಂದರು’ ಅಂತ ವಾರ್ತೆ ಓದುವವರ ಸ್ವಂತ ವಾಕ್ಯವಾಗಿ ಓದುವುದಿಲ್ಲ. ಗೆರೆ ಇರುವುದು ಈ ಎರಡು ವಾಕ್ಯಗಳ ನಡುವೆ. ನೀವು ‘ಯಾಕೆ ಆ ಪದ ಬಳಸಲಿಲ್ಲ?’ ಅಂತ ಕೇಳಿದರೆ ಅವರು ನಿಯಮ ತೆಗೆದು ತೋರಿಸುತ್ತಾರೆ, ಕಡತ ಮುಚ್ಚುತ್ತಾರೆ. ನಿಯಮ ಪಾಲಿಸಿದ್ದೇ ತಪ್ಪು ಅಂತ ದೂರು ಕೊಟ್ಟ ಹಾಗಾಯಿತು. ‘ನಿಯಮವನ್ನು ಎಲ್ಲಿ ಮುರಿದಿರಿ’ ಅಂತ ತೋರಿಸಿದರೆ ಮಾತ್ರ ಆಚೆಯವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

‘ಭಾರತ ಅಂದರೆ ಅವರಿಗೆ ಅಸಡ್ಡೆ, ಅದಕ್ಕೇ ಹೀಗೆ’ ಅನ್ನುತ್ತಾರೆ. ಇರಬಹುದು, ಮನಸ್ಸಿನೊಳಗೆ ಇಣುಕಿ ನೋಡಿದವರು ಯಾರು? ಆದರೆ ಈ ನಿಯಮ ಅದಕ್ಕೆ ಸಾಕ್ಷಿ ಆಗುವುದಿಲ್ಲ. 2005ರ ಜುಲೈ 7ರಂದು ಅವರದೇ ಲಂಡನ್ನಿನಲ್ಲಿ ಬಾಂಬ್ ಸಿಡಿದು 52 ಜನ ಸತ್ತರು. ಆಗ ಬಿಬಿಸಿ ವೆಬ್‌ಸೈಟಿನ ಬರಹಗಳಲ್ಲಿ ಮೊದಲು ‘ಟೆರರಿಸ್ಟ್’ ಅಂತ ಬಂದಿದ್ದ ಕಡೆ ಆಮೇಲೆ ‘ಬಾಂಬರ್’ ಅಂತ ತಿದ್ದಿದರು. ಅಲ್ಲಿನ ಜನರೇ ಉಗಿದರು. 2006ರಲ್ಲಿ ಬಿಬಿಸಿಯ ಆಡಳಿತ ಮಂಡಳಿಯ ಗವರ್ನರುಗಳೇ ನೇಮಿಸಿದ ಸ್ವತಂತ್ರ ಸಮಿತಿ, ನಾಗರಿಕರನ್ನು ಗುರಿಯಿಟ್ಟು ಕೊಲ್ಲುವುದಕ್ಕೆ ‘ಟೆರರಿಸಂ’ ಅನ್ನುವುದೇ ಸರಿಯಾದ ಪದ ಅಂದಿತು. ನಿಯಮ ಬದಲಾಗಲಿಲ್ಲ. 2008ರ ಮುಂಬೈ ದಾಳಿಯ ನಂತರ, ‘ಗನ್‌ಮೆನ್’ ಅಂದರು ಅಂತ ಪತ್ರಕರ್ತ ಎಂ.ಜೆ. ಅಕ್ಬರ್ ಬಿಬಿಸಿಗೆ ಸಂದರ್ಶನ ಕೊಡಲ್ಲ ಅಂದುಬಿಟ್ಟರು. ಆಗಲೂ ಬದಲಾಗಲಿಲ್ಲ.

ಸರ್ಕಾರ ಬರೆದರೆ ಬದಲಾಗುತ್ತದಾ? ಪಹಲ್ಗಾಮ್ ನಂತರ ಭಾರತ ಸರ್ಕಾರವೇ ಬಿಬಿಸಿಗೆ ಪತ್ರ ಬರೆಯಿತು. ನನ್ನ ಅನುಭವದಲ್ಲಿ ಸರ್ಕಾರದ ಪತ್ರ ಬಂದ ದಿನ ಸುದ್ದಿಮನೆಯವರು ಇನ್ನೂ ಗಟ್ಟಿಯಾಗಿ ಕೂರುತ್ತಾರೆ. ಬ್ರಿಟನ್ನಿನಲ್ಲಿ ಇದಕ್ಕೊಂದು ಹಳೇ ಗಾಯವೂ ಇದೆ. 1988ರಿಂದ 1994ರವರೆಗೆ ಉತ್ತರ ಐರ್ಲೆಂಡಿನಲ್ಲಿ ಬ್ರಿಟಿಷ್ ಆಳ್ವಿಕೆ ವಿರುದ್ಧ ಬಂದೂಕು ಹಿಡಿದಿದ್ದ ಐಆರ್‌ಎ, ಅದರ ಜೊತೆಗಿನ ರಾಜಕೀಯ ಪಕ್ಷ ಶಿನ್ ಫೇನ್ ಮುಂತಾದವರ ದನಿ ಕೇಳಿಸಕೂಡದು ಅಂತ ಅಲ್ಲಿನ ಸರ್ಕಾರ ಆಜ್ಞೆ ಮಾಡಿತ್ತು. ಮಾತು ಹಾಕಬಹುದು, ದನಿ ಕೂಡದು! ವಾಹಿನಿಗಳು ನಟರನ್ನು ಕರೆಸಿ ಶಿನ್ ಫೇನ್ ನಾಯಕ ಗೆರಿ ಆಡಮ್ಸ್ ಮಾತಿಗೆ ಡಬ್ಬಿಂಗ್ ಮಾಡಿಸಿದವು. ಪರದೆಯ ಮೇಲೆ ಅವರದೇ ತುಟಿ, ಕೇಳುವುದು ಬೇರೆಯವರ ದನಿ. ಆ ನಗೆಪಾಟಲು ಅವರು ಇನ್ನೂ ಮರೆತಿಲ್ಲ.

ಹಾಗಂತ ದೂರಿನಿಂದ ಏನೂ ಆಗುವುದಿಲ್ಲ ಅಂತಲ್ಲ. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಮಂತ್ರಿಗಳು, ಯಹೂದಿ ಸಂಘಟನೆಗಳು, ಸಾಮಾನ್ಯ ಜನ ಎಲ್ಲರೂ ಬಿಬಿಸಿ ಮೇಲೆ ಬಿದ್ದರು. ಎರಡು ವಾರದೊಳಗೆ ಒಂದು ಬದಲಾವಣೆ ಬಂತು. ಹಮಾಸ್‌ಗೆ ‘ಮಿಲಿಟಂಟ್’ ಅನ್ನುವುದನ್ನು ಮಾಮೂಲಿ ಪದವಾಗಿ ಬಳಸುವುದನ್ನು ಬಿಟ್ಟೆವು, ‘ಬ್ರಿಟಿಷ್ ಸರ್ಕಾರ ಮತ್ತು ಇತರರು ಭಯೋತ್ಪಾದಕ ಸಂಘಟನೆ ಎಂದು ನಿಷೇಧಿಸಿರುವ’ ಹಮಾಸ್ ಅನ್ನುತ್ತೇವೆ ಅಂದರು. ಸರಿಯಾಗಿ ನೋಡಿ. ಸ್ವಂತ ದನಿಯಲ್ಲಿ ಆಗಲೂ ಅನ್ನಲಿಲ್ಲ. ಯಾರು ಅಂದರು ಅಂತ ಸೇರಿಸಿದರು, ಅಷ್ಟೇ. ಆದರೆ ಕೇಳುಗನ ಕಿವಿಗೆ ಅದು ದೊಡ್ಡ ವ್ಯತ್ಯಾಸ.

ಮೇಷ್ಟ್ರಿಗೆ ನಾನು ಹಿಡಿಸಿದ್ದು ಇದೇ ಎಳೆಯನ್ನು. ಲಷ್ಕರ್-ಎ-ತೊಯ್ಬಾ ಬ್ರಿಟನ್ನಿನಲ್ಲಿ 2001ರಿಂದಲೇ ನಿಷೇಧಿತ. ಹಮಾಸ್ ಹೆಸರು ಬಂದಾಗ ನಿಷೇಧದ ಮಾತು ಹೇಳುವವರು ಲಷ್ಕರ್ ಹೆಸರು ಬಂದಾಗಲೂ ಹೇಳುತ್ತಾರಾ? ಯಾವ ಬುಲೆಟಿನ್, ಎಷ್ಟನೇ ನಿಮಿಷ, ಯಾವ ವಾಕ್ಯ? ಇದು ನಿಜವಾದ ದೂರು. ಗೆಲ್ಲುತ್ತೀರಿ ಅಂತ ನಾನು ಭರವಸೆ ಕೊಡಲಾರೆ. ‘ಸಂದರ್ಭ ಬೇರೆ’ ಅನ್ನುವ ಉತ್ತರಕ್ಕೂ ತಯಾರಿರಿ. ಆದರೆ ಇದಕ್ಕೆ ಸಿದ್ಧ ಉತ್ತರ ಅಂಟಿಸಿ ಕೈತೊಳೆದುಕೊಳ್ಳುವುದು ಕಷ್ಟ.

ಇನ್ನೊಂದು ಜಾಗ ಅನುವಾದ. ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಬಂದಾಗ ಬರೀ ಎರಡು ಸಾಲು ಬರೆದುಕೊಂಡು ಬಂದಿದ್ದರು. ಅಧಿಕಾರಿಯೊಬ್ಬರು ಹಿಂದಿಯಲ್ಲಿ ‘ಆತಂಕವಾದಿ’ ಅಂದಿದ್ದರು, ಪರದೆಯ ಕೆಳಗಿನ ಇಂಗ್ಲಿಷ್ ಸಾಲಿನಲ್ಲಿ ‘ಮಿಲಿಟಂಟ್’ ಅಂತ ಬಂದಿತ್ತು. ಬೇರೆಯವರ ಬಾಯಿಂದ ಬಂದ ಪದವನ್ನು ತಿದ್ದುವ ಹಕ್ಕು ಯಾವ ನಿಯಮವೂ ಕೊಡುವುದಿಲ್ಲ. ಹತ್ತು ದಿನದಲ್ಲಿ ಸಾಲು ಸರಿಯಾಯಿತು. ಬೈಗುಳ ಒಂದೂ ಇರಲಿಲ್ಲ ಆ ದೂರಿನಲ್ಲಿ. ಆ ಸಂಸ್ಥೆಯ ಹೆಸರು ಬೇಡ, ತಪ್ಪು ಒಪ್ಪಿಕೊಂಡವರು ಪಾಪ.

ಪದಗಳ ಬಗ್ಗೆ ನನ್ನದೊಂದು ಅಭಿಪ್ರಾಯ, ಒಪ್ಪದಿದ್ದರೆ ಬಿಡಿ. ‘ಮಿಲಿಟಂಟ್’ ನನಗೂ ಸೇರದು. ಮುಷ್ಕರ ಹೂಡುವ ಕಾರ್ಮಿಕ ನಾಯಕನಿಗೂ ಅದೇ ಪದ ಬಳಸುತ್ತಾರೆ. ಆದರೆ ಹಣೆಪಟ್ಟಿ ಅಂಟಿಸಿದ ಮಾತ್ರಕ್ಕೆ ಕ್ರೌರ್ಯ ಜಾಸ್ತಿ ಕಾಣಿಸುತ್ತದೆ ಅನ್ನುವುದನ್ನೂ ನಾನು ನಂಬುವುದಿಲ್ಲ. ನಮ್ಮ ಪತ್ರಿಕೆಗಳು ವೀರಪ್ಪನ್‌ನನ್ನು ಕೊನೆಯವರೆಗೂ ‘ಕಾಡುಗಳ್ಳ’ ಅಂದವು. ನೂರಕ್ಕೂ ಹೆಚ್ಚು ಕೊಲೆಗಳ ಆರೋಪ ಹೊತ್ತವನು ಬರೀ ಕಳ್ಳನಾ? 2000ದಲ್ಲಿ ಡಾ. ರಾಜಕುಮಾರ್ ಅವರನ್ನು 108 ದಿನ ಕಾಡಿನಲ್ಲಿಟ್ಟುಕೊಂಡವನು ಅವನು. ಕಳ್ಳ ಅಂದರು ಅಂತ ಯಾರೂ ಅವನನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಇನ್ನು ‘ಉಗ್ರ’ ಅನ್ನುವ ನಮ್ಮ ಪದ ಇಷ್ಟು ಓಡಾಡುವುದಕ್ಕೆ ನೀತಿಗಿಂತ ಜಾಗವೇ ಕಾರಣ ಅಂತ ನನಗೆ ಅನುಮಾನ. ಎರಡೇ ಅಕ್ಷರ, ತಲೆಬರಹದಲ್ಲಿ ಚೆನ್ನಾಗಿ ಕೂರುತ್ತದೆ.

ಗಡುವು ಮಾತ್ರ ಮರೆಯಬೇಡಿ. ಬಿಬಿಸಿಗಾದರೆ ಪ್ರಸಾರವಾದ 30 ಕೆಲಸದ ದಿನಗಳೊಳಗೆ ಬರೆಯಬೇಕು. ಮೊದಲ ಉತ್ತರ ಹಿಡಿಸದಿದ್ದರೆ ಎರಡನೇ ಸಲ ಕೇಳಬಹುದು, ಆಮೇಲೆ ಬಿಬಿಸಿಯದೇ ಕಾರ್ಯನಿರ್ವಾಹಕ ದೂರು ಘಟಕ, ಅದರಾಚೆ ಬ್ರಿಟನ್ನಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್. ನೇರ ಆಫ್‌ಕಾಮ್‌ಗೆ ಹೋದರೆ ‘ಮೊದಲು ಬಿಬಿಸಿಗೆ ಹೋಗಿ’ ಅಂತ ವಾಪಸ್ ಕಳಿಸುತ್ತಾರೆ. ಬೇರೆ ದೇಶಗಳಿಗೆ ಪ್ರಸಾರ ಮಾಡುವ ಬಿಬಿಸಿ ವರ್ಲ್ಡ್ ಸರ್ವಿಸ್ ಅಂತೂ ಆಫ್‌ಕಾಮ್ ಕೈಗೆ ಬರುವುದೇ ಇಲ್ಲ. ಸಿಬಿಸಿಯಲ್ಲಿ ಮೊದಲು ಸುದ್ದಿ ವಿಭಾಗ ಉತ್ತರಿಸುತ್ತದೆ, ಒಪ್ಪದಿದ್ದರೆ ಒಂಬುಡ್ಸ್‌ಮನ್, ಅಂದರೆ ದೂರು ವಿಚಾರಿಸುವ ಅಧಿಕಾರಿ. ಅವರು ಶಿಕ್ಷೆ ಕೊಡುವುದಿಲ್ಲ, ಆದರೆ ಕಾರಣ ಕೊಟ್ಟು ಉದ್ದವಾಗಿ ಬರೆದು ಎಲ್ಲರೂ ಓದುವ ಹಾಗೆ ಪ್ರಕಟಿಸುತ್ತಾರೆ. ಆಸ್ಟ್ರೇಲಿಯಾದ ಎಬಿಸಿಯಲ್ಲೂ ಒಂಬುಡ್ಸ್‌ಮನ್ ಇದ್ದಾರೆ, ಅವರ ಮೇಲೆ ಎಸಿಎಂಎ ಅನ್ನುವ ಪ್ರಾಧಿಕಾರ.

ಮೇಷ್ಟ್ರು ಹೊಸ ದೂರು ಬರೆದರು. ಮೊದಲ ಕರಡು ಒಂಬತ್ತು ಪುಟ, ಅದರಲ್ಲಿ ಮೂರು ಪುಟ ಬ್ರಿಟಿಷರು ನಮ್ಮನ್ನು ಆಳಿದ್ದರ ಬಗ್ಗೆ. ಕೆಂಪು ಶಾಯಿ ಹಿಡಿದು ಒಂದು ಪುಟಕ್ಕೆ ಇಳಿಸಿದೆ. “ನಲವತ್ತು ವರ್ಷ ನಾನು ಮಕ್ಕಳಿಗೆ ಮಾಡಿದ್ದನ್ನು ನೀನು ನನಗೆ ಮಾಡ್ತಾ ಇದ್ದೀಯ” ಅಂದರು. ಈ ಸಲ ಬಂದ ಉತ್ತರದಲ್ಲಿ ಅವರು ಬರೆದ ನಿಮಿಷದ ಲೆಕ್ಕವೇ ಇತ್ತು. ಒಪ್ಪಿಗೆ ಆಗಿಲ್ಲ, ಎರಡನೇ ಸುತ್ತಿಗೆ ಹೋಗಿದ್ದಾರೆ. ದಿನಾ ಬೆಳಿಗ್ಗೆ ಫೋನ್ ಮಾಡಿ ಇವತ್ತಿಗೆ ಎಷ್ಟನೇ ಕೆಲಸದ ದಿನ ಅಂತ ನನಗೆ ವರದಿ ಒಪ್ಪಿಸುತ್ತಾರೆ.