ಎಲೆಯೊಳಗಿನ ಪಿಚಕಾರಿ

ಹಾವು ಬರುತ್ತದೆಂದು ಚಿತ್ರದುರ್ಗದ ನಮ್ಮ ಬೀದಿಯಲ್ಲಿ ಮೊನ್ನೆ ಆಳೆತ್ತರದ ರಾತ್ರಿರಾಣಿಯನ್ನು ಬುಡಕ್ಕೇ ಕಡಿದರು. ಹಾವು ಬರುವುದು ಇಲಿ, ಕಪ್ಪೆ ಹುಡುಕಿಕೊಂಡು. ರಾತ್ರಿರಾಣಿ ಕರೆಯುವುದು ಪತಂಗಗಳನ್ನು, ಪರಾಗಸ್ಪರ್ಶಕ್ಕೆ. ಗಿಡದ ವಾಸನೆ ಯಾರಿಗಾಗಿ ಎಂದು ಒಬ್ಬರೂ ಕೇಳಲಿಲ್ಲವಲ್ಲ ಎಂಬ ಸಂಕಟಕ್ಕೆ ನನಗೆ ನೆನಪಾದದ್ದು ಒಬ್ಬ ಚಿತ್ರಕಾರನ ತೋಟ.

ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್, 1904ರಲ್ಲಿ ರಷ್ಯಾದಲ್ಲಿ ಹುಟ್ಟಿದ ಸ್ವೆತೊಸ್ಲಾವ್ ರೋರಿಕ್ ಹಾಗೂ ಅವರ ಪತ್ನಿ, ಹೆಸರಾಂತ ನಟಿ ದೇವಿಕಾ ರಾಣಿಯವರದಾಗಿತ್ತು. ಸುಮಾರು 468 ಎಕರೆ. ರೋರಿಕ್ 1993ರಲ್ಲಿ, ದೇವಿಕಾ ರಾಣಿ 1994ರಲ್ಲಿ ತೀರಿಕೊಂಡರು. ಎಸ್ಟೇಟನ್ನು ವಶಕ್ಕೆ ಪಡೆಯಲು ರಾಜ್ಯ ಸರ್ಕಾರ 1996ರಲ್ಲಿ ಕಾಯ್ದೆ ತಂದಿತು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಾಯ್ದೆಯ ಉದ್ದೇಶ ಓದಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ: ಬೆಲೆಬಾಳುವ ಮರಗಳನ್ನೂ ವರ್ಣಚಿತ್ರಗಳನ್ನೂ ಒಟ್ಟಿಗೇ ಕಾಪಾಡಬೇಕು, ಕಲಾಗ್ಯಾಲರಿ ಮತ್ತು ವಸ್ತುಸಂಗ್ರಹಾಲಯ ಮಾಡಬೇಕು ಎಂದಿದೆ. ಕಾನೂನಿನ ಕಣ್ಣಲ್ಲಿ ಮರ, ಚಿತ್ರ ಎರಡೂ ಒಂದೇ ಸಾಲಿನ ಆಸ್ತಿ!

ಆ ತೋಟದ ವಿಶೇಷ ಲಿನಾಲೋ. ಮೆಕ್ಸಿಕೋ ಮೂಲದ ಮರ, ನಮ್ಮ ಗುಗ್ಗುಳದ ಬಳಗ. ಇದರ ಕಾಯಿಯ ಸಿಪ್ಪೆಯಿಂದ ಸುಗಂಧ ತೈಲ ತೆಗೆಯುತ್ತಾರೆ. ತೈಲದಲ್ಲಿರುವ ಲಿನಲೂಲ್ ನಿಮಗೆ ಗೊತ್ತಿರುವ ವಾಸನೆಯೇ. ಕೊತ್ತಂಬರಿ ಬೀಜದ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ. ಸಾರಿನ ಪುಡಿಗೆ ಬೀಜ ಹುರಿಯುವಾಗ ಮನೆತುಂಬ ಹರಡುವುದರಲ್ಲಿ ಅದೂ ಇದೆ.

ಈ ಮರಗಳು ಎಣ್ಣೆ, ರಾಳ ಇಟ್ಟುಕೊಂಡಿರುವುದು ಅತ್ತರಿನ ಅಂಗಡಿಗಲ್ಲ, ಹುಳುಗಳ ಬಾಯಿಗೆ. ಲಿನಾಲೋ ಸೇರಿರುವ ಬರ್ಸೆರಾ ಕುಲದ ಕೆಲವು ಮರಗಳಲ್ಲಿ ರಾಳ ಎಲೆಯ ನಾಳಗಳೊಳಗೆ ಒತ್ತಡದಲ್ಲಿರುತ್ತದೆ. ಗಾಳಿ ತುಂಬಿದ ಸೈಕಲ್ ಟ್ಯೂಬಿನ ಹಾಗೆ ಬಿಗಿ. ಎಲೆ ಹರಿದರೆ ದಾವಣಗೆರೆಯ ಹೋಳಿಯ ಪಿಚಕಾರಿಯಂತೆ ಚಿಮ್ಮುತ್ತದೆ, ಗಾಳಿಗೆ ಅಂಟಾಗುತ್ತದೆ, ಹುಳುವಿನ ಬಾಯಿ ಕಟ್ಟುತ್ತದೆ. ಇದಕ್ಕೂ ಉಪಾಯ ಕಂಡುಕೊಂಡ ದುಂಬಿಗಳಿವೆ. ಅವುಗಳ ಮರಿಹುಳು ಮೊದಲು ಎಲೆಯ ನರಗಳನ್ನು ಮೆಲ್ಲಗೆ ಕಡಿಯುತ್ತದೆ. ಭದ್ರಾ ನಾಲೆಯ ತೂಬು ಇಳಿಸಿದರೆ ಕೆಳಗಿನ ಗದ್ದೆಗೆ ನೀರು ನಿಲ್ಲುವುದಿಲ್ಲವೇ, ಹಾಗೆ ಮುಂದಿನ ಭಾಗಕ್ಕೆ ರಾಳ ಬರುವುದಿಲ್ಲ. ಈ ಕೆಲಸಕ್ಕೆ ಒಂದು ಗಂಟೆಗೂ ಹೆಚ್ಚು ಹಿಡಿಯುವುದುಂಟು, ಆಮೇಲೆ ಎಲೆ ತಿನ್ನಲು ಕೆಲವೇ ನಿಮಿಷ ಸಾಕು. ಮರ ಮತ್ತು ದುಂಬಿಯ ಈ ಹಗ್ಗಜಗ್ಗಾಟ ಕೋಟ್ಯಂತರ ವರ್ಷಗಳದು. ನಾವು ಬಟ್ಟೆಗೆ ಪೂಸಿಕೊಳ್ಳುವುದು ಅದರ ಒಂದು ಹನಿ.

ನಮ್ಮ ಬೀದಿಯಲ್ಲಿ ರಾತ್ರಿರಾಣಿ ಇದ್ದ ಜಾಗದ ಪಕ್ಕದ ಹಳೇ ಇಟ್ಟಿಗೆ ರಾಶಿ ಇನ್ನೂ ಇದೆ. ಇಲಿಬಿಲ ಇರುವುದು ಅದರಡಿ. ಹಾವಿನ ಭಯವಿದ್ದವರು ತೆಗೆಸಬೇಕಾದದ್ದು ಅದನ್ನು, ಭಾನುವಾರ ನಾನೂ ಬರುತ್ತೇನೆಂದು ಹೇಳಿಬಂದಿದ್ದೇನೆ.