ಬಿಳಿ ನೊಣ: ಟೊಮೆಟೊ ಎಲೆಯನ್ನು ಅಡಿಯಿಂದ ಓದುವುದು

ತಮಿಳುನಾಡಿನ ಗಡಿಯ ನಮ್ಮ ಥಳಿ ಕಡೆ ಈ ಕೀಟಕ್ಕೆ ಮೂರು ಹೆಸರು. ಮನೆಯಲ್ಲಿ ಬಿಳಿ ನೊಣ, ಹೊಸೂರಿನ ಔಷಧಿ ಅಂಗಡಿಯಲ್ಲಿ ‘ವೆಳ್ಳೈ ಈ’, ಪಕ್ಕದ ತೋಟದ ತೆಲುಗಿನವರ ಬಾಯಲ್ಲಿ ‘ತೆಲ್ಲ ದೋಮ’, ಅಂದರೆ ಬಿಳಿ ಸೊಳ್ಳೆ. ಅಸಲಿಗೆ ಇದು ನೊಣವೂ ಅಲ್ಲ, ಸೊಳ್ಳೆಯೂ ಅಲ್ಲ; ಸಸ್ಯಹೇನು, ಜಿಗಿಹುಳುಗಳ ಬಳಗ. ಆದರೂ ನನಗೆ ತೆಲುಗು ಹೆಸರೇ ಇಷ್ಟ. ಚುಚ್ಚಿ ಹೀರುತ್ತದೆ, ಹೀರುತ್ತಲೇ ರೋಗ ಹಚ್ಚುತ್ತದೆ.

ರಸ ಹೀರಿದ್ದಕ್ಕೆ ಗಿಡ ಸೊರಗುತ್ತದೆ, ಹುಳು ಹೊರಹಾಕುವ ಅಂಟು ಸುರಿದಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಅದೆಲ್ಲ ಸಹಿಸಬಹುದು. ಎಲೆ ಮುರುಟು ರೋಗ ಹಾಗಲ್ಲ. ರೋಗದ ಗಿಡದ ಮೇಲೆ ಅರ್ಧ ಗಂಟೆ ಕೂತು ಹೀರಿದರೂ ಸಾಕು, ವೈರಸ್ ಹುಳುವಿನ ಮೈ ಸೇರಬಲ್ಲದು. ಕೆಲವು ಗಂಟೆ ಕಳೆದ ಮೇಲೆ ಕೂತ ಗಿಡಕ್ಕೆಲ್ಲ ಅಂಟಿಸುತ್ತ ಹೋಗುತ್ತದೆ. ಈ ವಾಹಕದ ಹೆಸರು ಬೆಮಿಸಿಯಾ ಟಬಾಸಿ. ಕೂತಾಗ ರೆಕ್ಕೆ ಮನೆಯ ಮಾಡಿನಂತೆ ಇಳಿಜಾರು, ನಡುವೆ ಸಣ್ಣ ಸಂದು. ಟ್ರಯಲ್ಯುರೋಡಿಸ್ ಎಂಬ ಇನ್ನೊಂದು ಜಾತಿಯ ಬಿಳಿ ನೊಣದ ರೆಕ್ಕೆ ಹೆಚ್ಚು ಚಪ್ಪಟೆ.

ಈಗ ಮುಖ್ಯ ವಿಷಯ. ತಾಯಿ ಮೊಟ್ಟೆ ಇಡುವುದು ತುದಿಯ ಎಳೆ ಎಲೆಗಳ ಅಡಿಯಲ್ಲಿ. ಮೊದಲ ಹಂತದ ಮರಿ ಸ್ವಲ್ಪ ತೆವಳಿ ಒಂದು ಕಡೆ ಕಚ್ಚಿ ಕೂತರೆ ಮುಗಿಯಿತು, ಮತ್ತೆ ಕದಲದು. ಪಠ್ಯದಲ್ಲಿ ಇವಕ್ಕೆ ‘ಅಪ್ಸರೆ’ (ನಿಂಫ್) ಅನ್ನುತ್ತಾರೆ, ನೋಡಿದರೆ ಮೀನಿನ ಪೊರೆಯ ಚೂರು! ಪ್ಲಾಸ್ಟಿಕ್ ಹೊದಿಸಿದ ಬೆಚ್ಚಗಿನ ಪಾಲಿಹೌಸ್‌ನಲ್ಲಿ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಸುಮಾರು 3 ವಾರ. ಅಷ್ಟರಲ್ಲಿ ದಾರಕ್ಕೆ ಹಬ್ಬಿಸಿದ ಗಿಡ ಮೇಲೆ ಹೋಗಿರುತ್ತದೆ, ಆ ಎಲೆ ಕೆಳಗೆ ಉಳಿದಿರುತ್ತದೆ. ಹಾಗಾಗಿ ತುದಿಯಲ್ಲಿ ಹಾರುವವು ಮತ್ತು ಮೊಟ್ಟೆ, ನಡುವೆ ಮರಿ, ಕೆಳಗೆ ಕೆಂಪು ಕಣ್ಣಿನ ಕೋಶ, ಅಂದರೆ ರೆಕ್ಕೆ ಬರುವ ಮುಂಚಿನ ಹಂತ.

ಹಳದಿ ಅಂಟು ಕಾರ್ಡು ತೋರಿಸುವುದು ಹಾರುವವನ್ನು ಮಾತ್ರ. ಬಾಗಿಲ ಬಳಿ, ಪಕ್ಕದ ಗಾಳಿಕಿಂಡಿಯ ಬಳಿ, ಗಿಡದ ತುದಿಯ ಎತ್ತರಕ್ಕೆ ಕಟ್ಟಿ. ಗಿಡ ಬೆಳೆದಂತೆ ಏರಿಸಿ. ಬೆಳಗ್ಗೆ ತಂಪು ಹೊತ್ತಿನಲ್ಲಿ ಹುಳು ಮಂಕಾಗಿರುತ್ತದೆ, ಆಗ ಎಲೆಯನ್ನು ಮೆಲ್ಲಗೆ ತಿರುಗಿಸಿ ಎಣಿಸಿ.

ಕಳೆದ ಬೆಳೆಯಲ್ಲಿ ನಾವು ಎಡವಿದ್ದು ಇಲ್ಲೇ. ಮಾವ ಇಮಿಡಾಕ್ಲೋಪ್ರಿಡ್ ಹೊಡೆಸಿದರು, ಕಡಿಮೆಯಾಗಲಿಲ್ಲ. ಅಂಗಡಿಯವರು ‘ಬೇರೆ ಔಷಧಿ’ ಅಂತ ಥಯಾಮೆಥಾಕ್ಸಾಮ್ ಕೊಟ್ಟರು.

“ಮಾವ, ಎರಡೂ ಒಂದೇ ಗುಂಪು, 4ಎ.”

“ಡಬ್ಬಿ ಬೇರೆ ಇದೆಯಲ್ಲೋ!”

ಗುಂಪು ಅಂದರೆ ಕೀಟವನ್ನು ಒಂದೇ ರೀತಿಯಲ್ಲಿ ಕೊಲ್ಲುವ ಔಷಧಿಗಳು. ಒಂದೇ ಗುಂಪಿನದನ್ನು ಮೇಲಿಂದ ಮೇಲೆ ಹೊಡೆದರೆ ತಡೆದುಕೊಂಡವೇ ಉಳಿದು ಸಂತಾನ ಬೆಳೆಸುತ್ತವೆ. ಸಾಲದ್ದಕ್ಕೆ ನಾಝಲ್ ಮೇಲಿಂದ ಹಿಡಿದಿದ್ದರು, ಹುಳು ಇರುವುದು ಎಲೆಯ ಅಡಿಯಲ್ಲಿ. ಮರಿಗಳೇ ಹೆಚ್ಚಿದ್ದರೆ ಸ್ಪೈರೋಮೆಸಿಫೆನ್‌ನಂಥ ಬೇರೆ ಗುಂಪಿನದು ಬೇಕು. ಪ್ರಮಾಣವೂ ಕೊಯ್ಲಿಗೆ ಮುನ್ನ ಕಾಯಬೇಕಾದ ದಿನಗಳೂ ಲೇಬಲ್‌ನಲ್ಲಿರುತ್ತವೆ. ಹುಳು ಕಡಿಮೆ ಇರುವಾಗಲೇ ಬೇವಿನೆಣ್ಣೆಗೆ ಸೋಪು ಬೆರೆಸಿ ಅಡಿಯಿಂದ ಹೊಡೆಯುವುದು ನನ್ನ ಆಯ್ಕೆ.

ಒಳಗೆ ಬರದಂತೆ ತಡೆಯುವುದು ಎಲ್ಲಕ್ಕಿಂತ ಅಗ್ಗ: 50 ಮೆಶ್ (ಇಂಚಿಗೆ 50 ಕಣ್ಣಿನ) ಬಲೆ, ಒಂದರ ಹಿಂದೊಂದು ಎರಡು ಬಾಗಿಲು, ಸುತ್ತ ಕಳೆ ಇಲ್ಲದ ಜಾಗ. ಬಲೆಯ ಕಣ್ಣು ಸಣ್ಣದಾದಷ್ಟೂ ಗಾಳಿ ಕಡಿಮೆ, ಬಿಸಿ ಜಾಸ್ತಿ. ಅದಕ್ಕೆ ಗಾಳಿಕಿಂಡಿಯನ್ನೇ ಅಗಲ ಮಾಡಿಸಬೇಕು.

ಕೆಳಗಿನ ಎಲೆ ಕಿತ್ತಾಗ ಸಾಲಿನಲ್ಲೇ ಬಿಡಬೇಡಿ, ಕೋಶಗಳಿಂದ ಹೊಸ ಹುಳು ಹೊರಡುತ್ತದೆ. ಚೀಲಕ್ಕೆ ತುಂಬಿ ಹೊರಗೆ ಒಯ್ಯುವ ಮುನ್ನ ಮಾತ್ರ ಭೂತಗನ್ನಡಿ ಹಿಡಿದು ಖಾಲಿ ಕೋಶ ನೋಡಿ. ‘ಟಿ’ ಆಕಾರದ ಸೀಳು ಇದ್ದರೆ ಬಿಳಿ ನೊಣ ಹೊರಬಂದಿದೆ. ದುಂಡು ತೂತು ಇದ್ದರೆ ಬಿಳಿ ನೊಣದ ಮರಿಯೊಳಗೆ ಬೆಳೆದು ಅದನ್ನು ಕೊಲ್ಲುವ ಎನ್ಕಾರ್ಸಿಯಾದಂಥ ಪರಾವಲಂಬಿ ಕಣಜ ಬಂದಿದೆ. ಉಳಿದ ಕಣಜಗಳೂ ಹೊರಬರಲಿ, ಆ ಸಾಲಿನ ಉಳಿದ ಎಲೆಗಳನ್ನು ಇನ್ನೂ ಕೆಲವು ದಿನ ಗಿಡದಲ್ಲೇ ಬಿಡಿ.